ನನ್ನ ಐತಾರ ಎಲ್ಲಿ ಹೋತು?

ಹೋದ ಸಲ ಈ ಅಂಕಣದಲ್ಲಿ ಪೈಥಾನ್‌ನ ಲಿಸ್ಟ್ ಅಂದರೆ ಏನು, ಅದರೊಳಗೆ ಏನೇನು ತುಂಬಬಹುದು ಅಂತ ಬರೆದಿದ್ದೆ. ತುಂಬುವುದೇನೋ ಸುಲಭ ಬಿಡಿ. ತುಂಬಿದ್ದರಲ್ಲಿ ನಮಗೆ ಬೇಕಾದಷ್ಟನ್ನೇ ತೆಗೆಯುವಾಗ ಕೈ ಜಾರುತ್ತದೆ. ನನ್ನ ಕೈ ಜಾರಿದ್ದು ಕಳೆದ ಫೆಬ್ರವರಿಯಲ್ಲಿ, ತಿಕೋಟಾ ಹತ್ತಿರದ ನಮ್ಮ ಕಾಕಾನ ದ್ರಾಕ್ಷಿ ತೋಟದಲ್ಲಿ. ನಾನು ಬರೆದ ಒಂದು ಸಾಲಿನಿಂದ ಮೂರು ವಾರ ಒಬ್ಬ ಆಯಿಗೆ ದಿನದ ಕೂಲಿ ಕಡಿಮೆ ಬಿತ್ತು. ಅದನ್ನೇ ಇವತ್ತು ಬರೆಯುತ್ತೇನೆ.

ಫೆಬ್ರವರಿ ಅಂದರೆ ನಮ್ಮ ಕಡೆ ಕಟಾವಿನ ಕಾಲ. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರವಿ ಒಣಗಿಸಿ ಮಣೂಕ ಮಾಡುತ್ತಾರೆ. ಕಾಕಾನ ತೋಟಕ್ಕೆ ಆಗ ಹದಿನಾಲ್ಕು ಮಂದಿ ಬರುತ್ತಿದ್ದರು. ಐತಾರ ಕಟಾವಿಗೆ ಸೂಟಿ. ಆದರೆ ಹರವಿದ ಹಣ್ಣಿಗೆ ಸೂಟಿ ಇಲ್ಲವಲ್ಲ, ಶೆಡ್ ನೋಡಿಕೊಳ್ಳಲು ಒಬ್ಬ ಆಯಿ ಮತ್ತು ಒಬ್ಬ ಹುಡುಗ ಐತಾರವೂ ಬರುತ್ತಿದ್ದರು. ಬಟವಾಡೆ ಶನಿವಾರ ಸಂಜೆ.

ಕಾಕಾ ಹಾಜರಿ ಬರೆಯುವುದು ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ. ಪೂರ್ತಿ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅಡ್ಡಗೀಟು. ನಾನು ವಿಜಯಪುರದಲ್ಲಿ ಆಫೀಸ್ ಕೆಲಸ ಮಾಡಿಕೊಂಡು ರಾತ್ರಿ ಹೊತ್ತು ಫೋನಿನಲ್ಲೇ ಪೈಥಾನ್ ಕಲಿಯುತ್ತಿದ್ದೆ. ಕಲಿತದ್ದನ್ನು ಎಲ್ಲಾದರೂ ಹಚ್ಚಬೇಕು ಅನ್ನುವ ಚಡಪಡಿಕೆ ನಿಮಗೂ ಗೊತ್ತಿರಬೇಕು. "ಕಾಕಾ, ಈ ಲೆಕ್ಕ ನನಗ ಕೊಡು, ಪ್ರೋಗ್ರಾಮ್ ಬರೀತೀನಿ" ಅಂದೆ. ಒಬ್ಬೊಬ್ಬರಿಗೆ ಒಂದೊಂದು ಲಿಸ್ಟ್. ಪೂರ್ತಿ ದಿನಕ್ಕೆ 1, ಅರ್ಧಕ್ಕೆ 0.5, ಬರದಿದ್ದರೆ 0. ತಿಂಗಳಿಗೆ 28 ಅಂಕಿ. ಆ ಫೆಬ್ರವರಿ ಒಂದನೇ ತಾರೀಖೇ ಐತಾರ ಬಿದ್ದಿತ್ತು, ಸರಿಯಾಗಿ ನಾಲ್ಕು ವಾರ. ಆಯಿಯ ಲಿಸ್ಟ್ ಹೀಗೆ ಶುರುವಾಗುತ್ತಿತ್ತು:

ಹಾಜರಿ = [1, 1, 1, 0.5, 1, 1, 1, ...]

(ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡಬಹುದು. ನಾನು ಹಾಗೇ ಇಡುತ್ತೇನೆ, ಮನೆಯ ಲೆಕ್ಕಕ್ಕೆ ಮನೆಯ ಹೆಸರು.)

ಮೊದಲನೇ ವಾರ ಅಂದರೆ 1ರಿಂದ 7ನೇ ತಾರೀಖು. ಲಿಸ್ಟಿನ ಒಂದು ಭಾಗವನ್ನು ಕತ್ತರಿಸಿ ತೆಗೆಯುವುದಕ್ಕೆ ಸ್ಲೈಸಿಂಗ್ ಅನ್ನುತ್ತಾರೆ, ಚೌಕ ಆವರಣದೊಳಗೆ ಎಲ್ಲಿಂದ ಎಲ್ಲಿಗೆ ಅಂತ ಬರೆದು ನಡುವೆ ಎರಡು ಚುಕ್ಕಿ ಇಟ್ಟರೆ ಆಯಿತು. ನಾನು ಬರೆದದ್ದು:

ಹಾಜರಿ[1:7]

ಎರಡನೇ ವಾರಕ್ಕೆ ಹಾಜರಿ[8:14], ಮೂರನೇ ವಾರಕ್ಕೆ ಹಾಜರಿ[15:21]. ತಾರೀಖು ನೋಡಿಕೊಂಡು ಬರೆದಿದ್ದೆ, ತಪ್ಪಾಗುವುದು ಎಲ್ಲಿಂದ? ಮೇಲಾಗಿ ಮೂರು ಮಂದಿಯ ಲೆಕ್ಕವನ್ನು ಕಾಕಾನ ನೋಟ್‌ಬುಕ್ ಜೊತೆ ತಾಳೆ ಹಾಕಿ ನೋಡಿದ್ದೆ. ಮೂರೂ ಸರಿ ಬಂದಿದ್ದವು.

ಮೂರನೇ ಶನಿವಾರ ಬಟವಾಡೆ ಆದ ಮೇಲೆ ಆಯಿ ದುಡ್ಡು ಎಣಿಸಿ, ಸೆರಗಿಗೆ ಕಟ್ಟಿಕೊಳ್ಳದೆ ಹಾಗೇ ನಿಂತಳು.

"ಯವ್ವಾ, ನನ್ನ ಐತಾರ ಎಲ್ಲಿ ಹೋತು?"

"ಇದು ಕಂಪ್ಯೂಟರ್ ಲೆಕ್ಕ ಆಯಿ, ತಪ್ಪೂದಿಲ್ಲ" ಅಂದೆ. ಇದನ್ನು ಬರೆಯುವಾಗಲೂ ನಾಚಿಕೆ ಆಗುತ್ತದೆ. ಕಾಕಾನೂ ನನ್ನ ಕಡೆಗೇ ನಿಂತ. ಆಯಿ ಜಗಳ ಆಡಲಿಲ್ಲ. ಮನೆಯ ಗ್ವಾಡಿ ಮೇಲೆ ಇದ್ದಲಿಯಿಂದ ದಿನಕ್ಕೊಂದು ಗೀಟು ಎಳೆದಿಟ್ಟಿದ್ದಾಳಂತೆ, ಬಂದು ನೋಡು ಅಂದಳು. "ಮೊದಲನೇ ವಾರ ಕಡಿಮಿ ಬಂತು, ಮುಂದಿನ ವಾರ ಕೂಡಿಸಿ ಕೊಡ್ತಾರ ಅಂದುಕೊಂಡೆ. ಆಗೂ ಬರಲಿಲ್ಲ. ಈಗ ಮೂರಾತು."

ರಾತ್ರಿ ಕೂತು ಆಯಿಯ ಮೊದಲನೇ ವಾರವನ್ನು ಬೆರಳಲ್ಲಿ ಎಣಿಸಿದೆ. ಆರೂವರೆ ದಿನ. ಪ್ರೋಗ್ರಾಮ್ ಕೊಟ್ಟದ್ದು ಐದೂವರೆ.

ಏನಾಗಿತ್ತು ಅಂತ ನಿಮ್ಮಲ್ಲಿ ಅರ್ಧ ಮಂದಿಗೆ ಈಗಾಗಲೇ ಹೊಳೆದಿರುತ್ತದೆ. ಪೈಥಾನ್ ಎಣಿಕೆ ಶುರು ಮಾಡುವುದು ಸೊನ್ನೆಯಿಂದ. ಒಂದನೇ ತಾರೀಖು ಕೂತಿರುವುದು ಹಾಜರಿ[0]ದಲ್ಲಿ. ನಾನು 1ರಿಂದ ಕತ್ತರಿಸಿದ್ದೆ, ಅಂದರೆ ಎರಡನೇ ತಾರೀಖಿನಿಂದ. 8 ಅಂತ ಬರೆದಾಗ ಅದು ಒಂಬತ್ತನೇ ತಾರೀಖು. ಪ್ರತಿ ವಾರದ ಮೊದಲ ದಿನ ಉದುರಿ ಹೋಗಿತ್ತು, ಅದು ಪ್ರತಿ ಸಲವೂ ಐತಾರ. ನಾನು ತಾಳೆ ಹಾಕಿದ ಮೂವರೂ ಕಟಾವಿನವರು, ಐತಾರ ಅವರಿಗೆ ಸೊನ್ನೆ. ಸೊನ್ನೆ ಉದುರಿದರೆ ಮೊತ್ತ ಬದಲಾಗುವುದಿಲ್ಲ. ಹೀಗಾಗಿ ನನ್ನ ಪರೀಕ್ಷೆಯಲ್ಲಿ ತಪ್ಪು ಸಿಗಲೇ ಇಲ್ಲ. ಪ್ರೋಗ್ರಾಮ್ ಪರೀಕ್ಷಿಸುವಾಗ ಎಲ್ಲರಂತೆ ಇರುವವರನ್ನೇ ಆರಿಸಿಕೊಂಡರೆ ಹೀಗೇ ಆಗುತ್ತದೆ.

ಈ ಸೊನ್ನೆ ಯಾಕೆ? ಇಂಡೆಕ್ಸ್ ಅಂದರೆ "ಎಷ್ಟನೆಯದು" ಅಂತ ನಾವು ಓದುತ್ತೇವೆ. ಅದನ್ನು "ಶುರುವಿನಿಂದ ಎಷ್ಟು ದೂರ" ಅಂತ ಓದಿದರೆ ಗೊಂದಲ ಅರ್ಧ ಕಡಿಮೆ ಆಗುತ್ತದೆ. ಗೋಳಗುಮ್ಮಟದ ನಾಲ್ಕು ಮೂಲೆಯ ಮಿನಾರುಗಳಿಗೆ ಏಳೇಳು ಅಂತಸ್ತು. ನೆಲದ ಅಂತಸ್ತಿನಲ್ಲಿ ನಿಂತವರು ಏಳನೆಯದಕ್ಕೆ ಹೋಗಲು ಆರು ಅಂತಸ್ತು ಹತ್ತಿದರೆ ಸಾಕು, ನೆಲದ್ದಕ್ಕೆ ಸೊನ್ನೆ. ಲಿಸ್ಟ್ ಕೂಡ ಹಾಗೇ, ಏಳು ಅಂಕಿ ಇದ್ದರೆ ಕೊನೆಯದರ ಇಂಡೆಕ್ಸ್ 6.

ಅಥಣಿ ರಸ್ತೆಯ ಬಸ್ಸಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ:

ಮಾರ್ಗ = ['ವಿಜಯಪುರ', 'ತೊರವಿ', 'ತಿಕೋಟಾ', 'ತೆಲಸಂಗ', 'ಅಥಣಿ']

(ನಡುವಿನ ಊರು ಎಷ್ಟೋ ಬಿಟ್ಟಿದ್ದೇನೆ, ಆ ಊರಿನವರು ಸಿಟ್ಟಾಗಬೇಡಿ.) ಬಸ್ಸು ಇನ್ನೂ ಹೊರಟಿಲ್ಲ, ವಿಜಯಪುರ ಅಂದರೆ ಮಾರ್ಗ[0]. ತಿಕೋಟಾ ಎಣಿಕೆಯಲ್ಲಿ ಮೂರನೆಯದು, ದೂರದಲ್ಲಿ ಎರಡು ನಿಲ್ದಾಣ: ಮಾರ್ಗ[2]. ಹಿಂದಿನಿಂದಲೂ ಎಣಿಸಬಹುದು. ಮಾರ್ಗ[-1] ಅಂದರೆ ಅಥಣಿ, ಮಾರ್ಗ[-3] ಮತ್ತೆ ತಿಕೋಟಾ. ಹಿಂದಿನ ಎಣಿಕೆ ಮಾತ್ರ ಒಂದರಿಂದ ಶುರು, ಯಾಕೆಂದರೆ ಸೊನ್ನೆಗೆ ಮೈನಸ್ ಹಚ್ಚಿದರೂ ಅದು ಸೊನ್ನೆಯೇ. ಮಾರ್ಗ[5] ಅಂತ ಕೇಳಿದರೆ ಪೈಥಾನ್ ಇಂಡೆಕ್ಸ್ ಎರರ್ ಅಂತ ಕೂಗುತ್ತದೆ, ಬಸ್ಸು ಅಥಣಿ ದಾಟಿ ಹೋಗುವುದಿಲ್ಲ ಅಂತ.

ಬೆಂಗಳೂರಿನ ಗೆಳತಿಯೊಬ್ಬಳು "ತಿಕೋಟಾ ಬಸ್ಸಲ್ಲೇ ಬಬಲೇಶ್ವರಕ್ಕೂ ಹೋಗಬಹುದಾ?" ಅಂತ ಕೇಳಿದ್ದಳು. ಬಬಲೇಶ್ವರ ಇರುವುದು ಜಮಖಂಡಿ ರಸ್ತೆಗೆ, ಅದು ಬೇರೆಯೇ ಲಿಸ್ಟ್. ಎರಡೂ ರಸ್ತೆಯನ್ನು ಒಂದರೊಳಗೆ ಇಡಬೇಕು ಅಂದರೆ ಲಿಸ್ಟಿನೊಳಗೆ ಲಿಸ್ಟ್ ಇಡಬೇಕು. ಮಾರ್ಗಗಳು[1][1] ಅಂದರೆ ಎರಡನೇ ರಸ್ತೆಯ ಎರಡನೇ ಹೆಸರು. ಮೊದಲು ಬಸ್ಸು ಆರಿಸಿ, ಆಮೇಲೆ ನಿಲ್ದಾಣ.

ಈಗ ಕತ್ತರಿಸುವ ವಿಷಯ. ನನ್ನ ತಪ್ಪು ಗೊತ್ತಾದ ಮೇಲೆ ಮೊದಲು ತಿದ್ದಿದ್ದೂ ತಪ್ಪೇ. ಸೊನ್ನೆಯಿಂದ ಶುರು, ಏಳನೇ ತಾರೀಖಿನ ಇಂಡೆಕ್ಸ್ 6, ಹಾಗಾದರೆ ಹಾಜರಿ[0:6] ಅಂತ ಬರೆದೆ. ಐತಾರ ಬಂತು, ಶನಿವಾರ ಹೋಯಿತು! ಸ್ಲೈಸಿನಲ್ಲಿ ಎರಡು ಚುಕ್ಕಿಯ ನಂತರದ ಅಂಕಿ ಸೇರುವುದಿಲ್ಲ, ಅದರ ಹಿಂದಿನದಕ್ಕೆ ನಿಲ್ಲುತ್ತದೆ. ಸರಿಯಾದದ್ದು ಹಾಜರಿ[0:7].

ಇದು ಯಾಕೆ ಹೀಗೆ ಅಂತ ಕಾಕಾನಿಗೆ ಹೇಳಬೇಕಿತ್ತು. ಅವನಿಗೆ ಹೇಳದೆ ಈ ಪ್ರೋಗ್ರಾಮ್ ಮತ್ತೆ ಬಳಸುವ ಹಾಗಿರಲಿಲ್ಲ. ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ತೋರಿಸಿದೆ, ತಲೆ ಅಲ್ಲಾಡಿಸಿದ. ಕೊನೆಗೆ ಅವನೇ ಕೇಳಿದ: "ಅಂದ್ರ ನೀ ಹೇಳೂದು ಕಬ್ಬಿನ ಗಿಣ್ಣಿನ ಲೆಕ್ಕ. ತುಂಡಿನ ಲೆಕ್ಕ ಅಲ್ಲ, ಹೌದಲ್ಲೋ?"

ಇದಕ್ಕಿಂತ ಚೆಂದದ ವಿವರಣೆ ನಾನು ಯಾವ ವಿಡಿಯೋದಲ್ಲೂ ನೋಡಿಲ್ಲ. ಕಬ್ಬಿನ ಬುಡದ ಗಿಣ್ಣಿಗೆ ಸೊನ್ನೆ ಅನ್ನಿ. ಅದರ ಮೇಲೆ ಒಂದು ತುಂಡು, ಆಮೇಲಿನ ಗಿಣ್ಣು 1, ಮತ್ತೊಂದು ತುಂಡು, ಗಿಣ್ಣು 2. [0:7] ಅಂದರೆ ಸೊನ್ನೆಯ ಗಿಣ್ಣಿನಲ್ಲಿ ಒಂದು ಏಟು, ಏಳರ ಗಿಣ್ಣಿನಲ್ಲಿ ಒಂದು ಏಟು. ಕೈಗೆ ಬರುವುದು ಏಳು ತುಂಡು. ಸ್ಲೈಸಿನ ಅಂಕಿಗಳು ಹೇಳುವುದು ಕತ್ತಿ ಎಲ್ಲಿ ಬೀಳಬೇಕು ಅಂತ, ಯಾವ ತುಂಡು ಅಂತ ಅಲ್ಲ.

ಹೀಗೆ ಮಾಡಿದ್ದರಲ್ಲಿ ಒಂದು ಅನುಕೂಲ ಇದೆ. ನಮ್ಮ ನಾಲ್ಕು ವಾರ ಈಗ [0:7], [7:14], [14:21], [21:28]. ಒಂದು ವಾರ ಮುಗಿದ ಅಂಕಿಯಿಂದಲೇ ಮುಂದಿನ ವಾರ ಶುರು. ನಡುವೆ ದಿನ ಬಿಟ್ಟುಹೋಗುವುದಿಲ್ಲ, ಎರಡು ಸಲ ಎಣಿಕೆಗೂ ಬರುವುದಿಲ್ಲ. ದೊಡ್ಡ ಅಂಕಿಯಲ್ಲಿ ಸಣ್ಣದನ್ನು ಕಳೆದರೆ ದಿನಗಳ ಸಂಖ್ಯೆ ಸಿಗುತ್ತದೆ: 14ರಲ್ಲಿ 7 ಕಳೆದರೆ 7. ನನ್ನ ಹಳೆಯ [8:14]ರಲ್ಲಿ ಈ ಕಳೆಯುವ ಲೆಕ್ಕ ಮಾಡಿದ್ದರೆ ಆರು ಅಂತ ಆಗಲೇ ಗೊತ್ತಾಗುತ್ತಿತ್ತು. ನೆದರ್‌ಲ್ಯಾಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಖರ್ ಡೈಕ್ಸ್ಟ್ರಾ 1982ರಲ್ಲಿ, ಎಣಿಕೆ ಸೊನ್ನೆಯಿಂದಲೇ ಯಾಕೆ ಶುರುವಾಗಬೇಕು ಅಂತ ಒಂದು ಸಣ್ಣ ಟಿಪ್ಪಣಿ ಬರೆದಿದ್ದ. ಮೊದಲ ತುದಿ ಸೇರಿಸಿ ಕೊನೆಯ ತುದಿ ಬಿಡುವುದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಈ ಎರಡೂ ಇವೆ. ಎಲ್ಲ ಭಾಷೆಗಳೂ ಇದನ್ನು ಒಪ್ಪಿಲ್ಲ. 1957ರ ಫೋರ್ಟ್ರಾನ್ ಒಂದರಿಂದ ಎಣಿಸುತ್ತಿತ್ತು. ಈಗಿನ ಆರ್, ಜೂಲಿಯಾ, ಮ್ಯಾಟ್‌ಲ್ಯಾಬ್ ಕೂಡ ಒಂದರಿಂದಲೇ. ನೀವು ಆಫೀಸಿನಲ್ಲಿ ದಿನವೂ ತೆರೆಯುವ ಎಕ್ಸೆಲ್‌ನ ಮೊದಲ ಸಾಲೂ 1. ಎಕ್ಸೆಲ್‌ನಿಂದ ಪೈಥಾನ್‌ಗೆ ಬಂದವರು ಒಮ್ಮೆ ಎಡವುವುದು ಅದಕ್ಕೇ.

ತಪ್ಪು ಸಿಕ್ಕಿತು. ಈಗ ಯಾರ್‍ಯಾರಿಗೆ ಎಷ್ಟು ಬಾಕಿ ಅಂತ ನೋಡಬೇಕಲ್ಲ. ಸ್ಲೈಸಿಗೆ ಮೂರನೆಯದೊಂದು ಅಂಕಿ ಹಾಕಬಹುದು, ಎಷ್ಟೆಷ್ಟು ದಾಟಿಕೊಂಡು ಹೋಗಬೇಕು ಅಂತ. ಹಾಜರಿ[::7] ಅಂದರೆ ಶುರುವಿನಿಂದ ಏಳೇಳು ದಾಟುತ್ತ, ತಿಂಗಳ ಎಲ್ಲ ಐತಾರಗಳು. ನನಗೆ ಬೇಕಿದ್ದದ್ದು ಬಟವಾಡೆ ಆದ ಮೂರು ವಾರದ್ದು ಮಾತ್ರ:

ಹಾಜರಿ[:21:7]

ಹದಿನಾಲ್ಕು ಮಂದಿಯ ಲಿಸ್ಟಿಗೂ ಇದನ್ನೇ ಓಡಿಸಿದೆ. ಹನ್ನೆರಡು ಮಂದಿಗೆ [0, 0, 0]. ಆಯಿಗೆ [1, 1, 1]. ಶೆಡ್ಡಿನ ಹುಡುಗನಿಗೆ [1, 0, 1]. ಅವನಿಗೂ ಎರಡು ದಿನ ಕಡಿಮೆ ಬಿದ್ದಿತ್ತು, ಅವನು ಬಾಯೇ ಬಿಟ್ಟಿರಲಿಲ್ಲ. ಯಾಕೋ ಹೇಳಲಿಲ್ಲ ಅಂದರೆ, "ಫೋನ್‌ನ್ಯಾಗಿನ ಲೆಕ್ಕ ಅಂದ್ರಲ್ರೀ ಅಕ್ಕಾರ" ಅಂದ. ಆಯಿ ಕೇಳದೇ ಹೋಗಿದ್ದರೆ ನಾಲ್ಕನೇ ವಾರಕ್ಕೂ ನಾನು [22:28] ಅಂತಲೇ ಬರೆಯುತ್ತಿದ್ದೆ. ಸೋಮವಾರ ಬೆಳಿಗ್ಗೆ ಕಾಕಾ ಇಬ್ಬರಿಗೂ ಬಾಕಿ ಕೊಟ್ಟ. ಆಯಿಯ ಮುಂದೆ ನಾನು ತಪ್ಪಾಯಿತು ಅಂದೆ. "ಆಗ್ತೈತಿ ಬಿಡ" ಅಂದಳು, ದುಡ್ಡು ಮಾತ್ರ ಎರಡು ಸಲ ಎಣಿಸಿದಳು.

ಇನ್ನೊಂದು ಗುಣ ನೆನಪಿಡಿ. ಒಂದೇ ಅಂಕಿ ಕೇಳುವಾಗ ಕೂಗಾಡುವ ಪೈಥಾನ್, ಸ್ಲೈಸ್ ಕೇಳುವಾಗ ಮಾತೇ ಆಡುವುದಿಲ್ಲ. 28 ಅಂಕಿಯ ಲಿಸ್ಟಿನಲ್ಲಿ ಹಾಜರಿ[28] ಅಂದರೆ ಎರರ್. ಹಾಜರಿ[21:40] ಅಂದರೆ ಇದ್ದ ಏಳನ್ನು ಸುಮ್ಮನೆ ಕೊಡುತ್ತದೆ. ಹಾಜರಿ[40:50] ಅಂದರೆ ಖಾಲಿ ಲಿಸ್ಟ್. ನನಗೆ ಈ ಮೌನವೇ ಹೆಚ್ಚು ಭಯ. ಮೂರು ವಾರ ಒಂದೇ ಒಂದು ಎರರ್ ಬಂದಿರಲಿಲ್ಲ, ನೋಡಿ.

ಇಷ್ಟಕ್ಕೇ ಮುಗಿಯಲಿಲ್ಲ. ತಪ್ಪಿಗೆ ಪ್ರಾಯಶ್ಚಿತ್ತ ಅಂತ ಪ್ರತಿಯೊಬ್ಬರಿಗೂ ಲೆಕ್ಕದ ಚೀಟಿ ಕೊಡೋಣ ಅಂದುಕೊಂಡೆ. ಯಾವ ದಿನ ಬಂದಿದ್ದರು, ಎಷ್ಟು ಆಯಿತು, ಯಾವ ಊರಿನವರು, ಎಲ್ಲ. ಚೀಟಿ ಸಣ್ಣದು, ಊರಿನ ಹೆಸರಿಗೆ ಐದಕ್ಷರದ ಜಾಗ. ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು, ಅದನ್ನೂ ಲಿಸ್ಟಿನ ಹಾಗೆ ಕತ್ತರಿಸಬಹುದಲ್ಲ, [:5] ಅಂತ ಹಾಕಿದೆ. ಐದಕ್ಷರ ಅಂದರೆ ವಿಜಯಪುರ ಪೂರ್ತಿ ಹಿಡಿಸಬೇಕು, ಬಬಲೇಶ್ವರ ಪೂರ್ತಿ ಹಿಡಿಸಬೇಕು, ತಿಕೋಟಾಕ್ಕಂತೂ ಜಾಗ ಉಳಿಯಬೇಕು. ಬಂದದ್ದು:

'ವಿಜಯಪ'
'ಬಬಲೇಶ'
'ತಿಕೋಟ'

ಮೂರಕ್ಷರದ ತಿಕೋಟಾವೂ ಐದರಲ್ಲಿ ಹಿಡಿಸಲಿಲ್ಲ! ಕಾರಣ, ನಮಗೆ ಅಕ್ಷರ ಅನ್ನಿಸುವುದು ಪೈಥಾನ್‌ಗೆ ಅಕ್ಷರ ಅಲ್ಲ. ಯೂನಿಕೋಡ್‌ನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಗುಣಿತದ ಚಿಹ್ನೆಗೆ ಇನ್ನೊಂದು, ಒತ್ತಕ್ಷರ ಮಾಡುವ ವಿರಾಮಕ್ಕೆ ಮತ್ತೊಂದು. ತಿಕೋಟಾ ಒಳಗೆ ಬಿಡಿಸಿದರೆ ತ, ಿ, ಕ, ೋ, ಟ, ಾ ಅಂತ ಆರು. ವಿಜಯಪುರ ಏಳು. ಬಬಲೇಶ್ವರ ಎಂಟು: ಬ, ಬ, ಲ, ೇ, ಶ, ್, ವ, ರ. ಅದರ ಇಂಡೆಕ್ಸ್ 5ರಲ್ಲಿ ಕೂತಿರುವುದು ಬರೀ ವಿರಾಮ ಚಿಹ್ನೆ. ಶಾಲೆಯಲ್ಲಿ ಕಾಗುಣಿತ ಬಾಯಿಪಾಠ ಮಾಡಿದ್ದೇವಲ್ಲ, ಅದನ್ನು ಕಂಪ್ಯೂಟರ್ ಬಿಡಿಬಿಡಿಯಾಗಿ ಇಟ್ಟುಕೊಂಡಿದೆ ಅಷ್ಟೇ.

ತಮಾಷೆಗೆ 'ವಿಜಯಪುರ'[::-1] ಮಾಡಿ ನೋಡಿ, ಹಿಂದುಮುಂದಾಗಿ ತಿರುಗಿಸುವುದು. 'ರುಪಯಜಿವ' ಅಂತ ಬರುತ್ತದೆ. ಪು ಮೇಲಿದ್ದ ಕೊಂಬು ಹಾರಿ ರ ಮೇಲೆ ಕೂತಿದೆ, ವಿ ಮೇಲಿದ್ದ ಗುಡಿಸು ಜ ಮೇಲೆ ಹೋಗಿದೆ. ಇಂಗ್ಲಿಷ್ ಉದಾಹರಣೆ ಇಟ್ಟುಕೊಂಡು ಕಲಿತರೆ ಇದು ಯಾವತ್ತೂ ಎದುರಾಗುವುದಿಲ್ಲ. ಕನ್ನಡದ ಹೆಸರುಗಳ ಪಟ್ಟಿ ಕೈಗೆ ಬಂದ ದಿನ ಎದುರಾಗುತ್ತದೆ. ಅಕ್ಷರಕ್ಕೆ ತಕ್ಕಂತೆ ಬಿಡಿಸಿ ಕೊಡುವ ಲೈಬ್ರರಿಗಳಿವೆ, ಒತ್ತಕ್ಷರ ಇರುವ ಹೆಸರು ಕೊಟ್ಟು ಪರೀಕ್ಷೆ ಮಾಡಿದ ಮೇಲೆಯೇ ನಂಬಿ. ನನಗೆ ಬೇಕಿದ್ದದ್ದು ಬೆರಳೆಣಿಕೆಯ ಊರು. ಕೈಯಿಂದಲೇ ['ಬ', 'ಬ', 'ಲೇ', 'ಶ್ವ', 'ರ'] ಅಂತ ಲಿಸ್ಟ್ ಮಾಡಿಬಿಟ್ಟೆ. ಈಗ ಅದರ ಇಂಡೆಕ್ಸ್ 3 ಅಂದರೆ ನಿಜವಾಗಿ 'ಶ್ವ'.

ಚೀಟಿಯಲ್ಲಿ ಇನ್ನೊಂದು ಸಿಕ್ಕಿತು. ಕಾಕಾ ಹಳೆಯ ಅಭ್ಯಾಸದಂತೆ ಒಂದಿಬ್ಬರ ಊರು 'ಬಿಜಾಪುರ' ಅಂತ ಬರೆದಿದ್ದ. ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಕಾಕಾನ ನೋಟ್‌ಬುಕ್‌ಗೆ ಸುದ್ದಿ ಇನ್ನೂ ಮುಟ್ಟಿಲ್ಲ. ಊರು[0] = 'ವ' ಅಂತ ಮೊದಲ ಅಕ್ಷರ ತಿದ್ದಲು ಹೋದೆ, ಪೈಥಾನ್ ಬಿಡಲಿಲ್ಲ. ಲಿಸ್ಟಿನ ಒಳಗಿನದನ್ನು ಬದಲಿಸಬಹುದು, ಸ್ಟ್ರಿಂಗಿನ ಒಳಗೆ ಕೈ ಹಾಕುವ ಹಾಗಿಲ್ಲ, ಹೊಸದನ್ನೇ ಕಟ್ಟಬೇಕು:

ಊರು = 'ವಿಜಯ' + ಊರು[4:]

'ಬಿಜಾಪುರ'ದಲ್ಲಿ ಬ, ಿ, ಜ, ಾ ಬಿಟ್ಟರೆ ನಾಲ್ಕರಿಂದ ಮುಂದೆ ಉಳಿಯುವುದು 'ಪುರ'. ಎರಡು ಚುಕ್ಕಿಯ ನಂತರ ಏನೂ ಬರೆಯದಿದ್ದರೆ ಕೊನೆಯವರೆಗೆ ಅಂತ ಅರ್ಥ. ತಾಲೂಕುಗಳದ್ದಾದರೆ ಲಿಸ್ಟ್, ಅದಕ್ಕೆ ಈ ಕಷ್ಟ ಇಲ್ಲ. ಜಿಲ್ಲೆಗೆ ಮೊದಲು ಐದೇ ಇದ್ದವು, 2018ರಲ್ಲಿ ತಿಕೋಟಾ, ಬಬಲೇಶ್ವರ ಬೇರೆ ತಾಲೂಕಾದಾಗ ಅಪೆಂಡ್ ಮಾಡಿ ಕೊನೆಗೆ ಸೇರಿಸಿದರೆ ಆಯಿತು.

ಮಾರ್ಚ್ ಒಂದನೇ ತಾರೀಖೂ ಐತಾರವೇ ಬಿತ್ತು. ಮೊದಲನೇ ವಾರದ ಬಟವಾಡೆಗೆ ನಾನೇ ಹೋಗಿದ್ದೆ, ಚೀಟಿ ಸಮೇತ. ಆಯಿ ಚೀಟಿ ತಿರುಗಿಸಿ ನೋಡಿದಳು, ಓದಲು ಬರುವುದಿಲ್ಲ.

"ನಿನ್ನ ಫೋನು ಈಗ ಒಂದರಿಂದ ಎಣಸತೈತೋ, ಸೊನ್ನಿಯಿಂದ ಎಣಸತೈತೋ?"

"ಸೊನ್ನಿಯಿಂದ, ಆಯಿ."

"ಹಂಗಾರ ತಡಿ," ಅಂದಳು. "ನಾ ಒಂದರಿಂದ ಎಣಿಸಿಕೋತೀನಿ. ಆಮ್ಯಾಲ ದುಡ್ಡು ಕೊಡು."